ವಿಷಲೋಹ ಒಳಗೆ ಬಂದಾಗ ಯೀಸ್ಟ್ ಹಾಕುವ ಗಂಧಕದ ಲೆಕ್ಕ

ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಬೋರ್ಡೋ ದ್ರಾವಣದ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಗೊನೆಗೆ ಸರಿಯಾಗಿ ತಾಗುವಂತೆ ಹೊಡೆದರೆ ಕೊಳೆರೋಗ ಹತೋಟಿಯಲ್ಲಿರುತ್ತದೆ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ರೋಗಾಣುವನ್ನು ಕೊಲ್ಲುವುದು ಅದರಲ್ಲಿರುವ ತಾಮ್ರ.

ಈ ಮದ್ದು ನಮ್ಮದಲ್ಲ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದ್ದು. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ಅಲ್ಲಿನ ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಕಲಸಿ ಎರಚುತ್ತಿದ್ದರು. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೂ ಚೆನ್ನಾಗಿ ಗೊತ್ತಿರುವ ಡೌನಿ ರೋಗ ಆಗ ಅಲ್ಲಿ ಹಬ್ಬಿತ್ತು. 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಒಳಗಿನ ಬಳ್ಳಿಗಳೆಲ್ಲ ಒಣಗಿದ್ದರೂ ರಸ್ತೆ ಬದಿಯವು ಹಸಿರಾಗಿದ್ದವು. 1885ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೂ ಇದೇ ಮದ್ದನ್ನು ಪ್ರಯೋಗಿಸಿ ರೈತರಿಗೆ ಹೇಳಿಕೊಟ್ಟರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತಾಮ್ರ ಎರಚಿದ ದ್ರಾಕ್ಷಿಯನ್ನು ಹಿಂಡಿದಾಗ ಒಂದಿಷ್ಟು ತಾಮ್ರ ರಸಕ್ಕೂ ಬರುತ್ತದೆ. ಆ ರಸವನ್ನು ವೈನ್ ಮಾಡುವುದು ಯೀಸ್ಟ್. ಯೀಸ್ಟ್ ಒಂದು ಶಿಲೀಂಧ್ರ. ತಾಮ್ರ ಶಿಲೀಂಧ್ರನಾಶಕ. ಹಾಗಿದ್ದರೆ ಯೀಸ್ಟ್ ಸಾಯಬೇಕಿತ್ತು, ಅಲ್ವಾ? ಆದರೆ ವೈನ್ ಯೀಸ್ಟಿನ ಎಷ್ಟೋ ತಳಿಗಳು ಬೇರೆ ಯೀಸ್ಟುಗಳನ್ನು ಕೊಲ್ಲುವಷ್ಟು ತಾಮ್ರದಲ್ಲೂ ಆರಾಮಾಗಿ ಬೆಳೆಯುತ್ತವೆ. (ಕೊಳೆರೋಗದ ಫೈಟೋಫ್ತೊರಾವನ್ನು ನಾವು ರೂಢಿಯಲ್ಲಿ ಶಿಲೀಂಧ್ರ ಅನ್ನುತ್ತೇವೆ. ವಂಶಾವಳಿ ನೋಡಿದರೆ ಅದು ಪಾಚಿಗಳ ಕಡೆಯ ನೆಂಟ, ಯೀಸ್ಟಿಗೆ ತೀರಾ ದೂರದ್ದು. ಇಬ್ಬರಿಗೂ ತಾಮ್ರ ಜಾಸ್ತಿಯಾದರೆ ಅಪಾಯ ಅನ್ನುವುದಂತೂ ನಿಜ.)

ಇಲ್ಲಿ ಹೇಳುತ್ತಿರುವುದು ಬ್ರೆಡ್ಡು, ಬಿಯರು, ವೈನಿಗೆ ಬಳಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟಿನ ಬಗ್ಗೆ. ಒಂದೇ ಜೀವಕೋಶದ ಜೀವಿ. ಅಡ್ಡಳತೆ ಮಿಲಿಮೀಟರಿನ ಇನ್ನೂರನೇ ಒಂದು ಭಾಗದ ಆಸುಪಾಸು. ಆದರೂ ಅದರ ಒಳಾಂಗಣ ಬ್ಯಾಕ್ಟೀರಿಯಾದ್ದರ ಹಾಗಲ್ಲ, ನಮ್ಮ ಜೀವಕೋಶದ ಹಾಗೆ. ನ್ಯೂಕ್ಲಿಯಸ್ ಇದೆ, ಮೈಟೋಕಾಂಡ್ರಿಯ ಇದೆ. 1996ರಲ್ಲಿ ಅದರ ಇಡೀ ಜೀನೋಮ್ ಓದಿ ಮುಗಿಸಿದರು. ನ್ಯೂಕ್ಲಿಯಸ್ ಇರುವ ಜೀವಿಗಳಲ್ಲಿ ಅದೇ ಮೊದಲನೆಯದು. ಸುಮಾರು 6,000 ಜೀನುಗಳು. ಒಂದೊಂದೇ ಜೀನನ್ನು ಕಿತ್ತುಹಾಕಿ, ಯಾವುದು ಇಲ್ಲದಿದ್ದರೆ ಕ್ಯಾಡ್ಮಿಯಂ ತಡೆದುಕೊಳ್ಳಲಾಗುವುದಿಲ್ಲ, ಯಾವುದು ಇಲ್ಲದಿದ್ದರೆ ಆರ್ಸೆನಿಕ್ ತಡೆದುಕೊಳ್ಳಲಾಗುವುದಿಲ್ಲ ಅಂತ ನೋಡಬಹುದು. ವಿಷಲೋಹಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಒಳ್ಳೆಯ ಪಾಲು ಹೀಗೆ ಯೀಸ್ಟಿನಿಂದಲೇ ಬಂದದ್ದು.

ಲೋಹ ಅಂದ ಕೂಡಲೇ ವಿಷ ಅಂದುಕೊಳ್ಳಬೇಡಿ. ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಇಲ್ಲದೆ ಯೀಸ್ಟೂ ಬದುಕದು, ನಾವೂ ಬದುಕೆವು. ಇವುಗಳ ವಿಷಯದಲ್ಲಿ ತೊಂದರೆ ಇರುವುದು ಪ್ರಮಾಣದಲ್ಲಿ. ಕ್ಯಾಡ್ಮಿಯಂ, ಸೀಸ, ಪಾದರಸ ಬೇರೆ ಗುಂಪು. ಯೀಸ್ಟಿಗಾಗಲಿ ನಮಗಾಗಲಿ ಅವುಗಳಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಎರಡು ಗುಂಪುಗಳ ನಡುವಿನ ಅಂತರ ಎಷ್ಟು ಅಂತ ತಿಳಿಯಬೇಕಾದರೆ ನಮ್ಮ ಕುಡಿಯುವ ನೀರಿನ ಮಾನದಂಡ ನೋಡಿ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಸತು 5 ಮಿಲಿಗ್ರಾಂ ಇದ್ದರೂ ನಡೆಯುತ್ತದೆ. ಕ್ಯಾಡ್ಮಿಯಂ 0.003 ಮಿಲಿಗ್ರಾಂ ದಾಟಬಾರದು. ಆವರ್ತ ಕೋಷ್ಟಕದಲ್ಲಿ ಸತುವಿನ ಕೆಳಗಿನ ಮನೆಯೇ ಕ್ಯಾಡ್ಮಿಯಂನದ್ದು. ಅದರ ಕೆಳಗಿನದ್ದು ಪಾದರಸ.

ಆ ನೆರೆಹೊರೆಯೇ ತಂಟೆಯ ಮೂಲ. ಜೀವಕೋಶದ ನೂರಾರು ಪ್ರೋಟೀನುಗಳು ಒಂದು ಸತುವಿನ ಅಯಾನನ್ನು, ಅಂದರೆ ವಿದ್ಯುತ್ ಆವೇಶ ಹೊತ್ತ ಪರಮಾಣುವನ್ನು, ಹಿಡಿದುಕೊಂಡು ತಮ್ಮ ಆಕಾರ ಉಳಿಸಿಕೊಂಡಿರುತ್ತವೆ. ಹೆಚ್ಚಾಗಿ ಆ ಹಿಡಿತ ಗಂಧಕದ್ದು. ಪ್ರೋಟೀನ್ ಕಟ್ಟುವ 20 ಅಮೈನೋ ಆಮ್ಲಗಳಲ್ಲಿ ಗಂಧಕ ಇರುವುದು ಎರಡರಲ್ಲಿ ಮಾತ್ರ. ಅದರಲ್ಲೊಂದು ಸಿಸ್ಟೀನ್. ಅದರ ತುದಿಯಲ್ಲಿರುವ ಗಂಧಕ ಲೋಹ ಕಂಡರೆ ಹಿಡಿದುಕೊಳ್ಳುತ್ತದೆ. ಸತುವಿಗಿಂತ ಕ್ಯಾಡ್ಮಿಯಂ ಜೊತೆ ಅದರ ಅಂಟು ಜಾಸ್ತಿ, ಪಾದರಸದ ಜೊತೆ ಇನ್ನೂ ಜಾಸ್ತಿ. ಹಾಗಾಗಿ ಕ್ಯಾಡ್ಮಿಯಂ ಬಂದು ಸತುವನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಕೂರುತ್ತದೆ ಅಷ್ಟೇ, ಸತುವಿನ ಕೆಲಸ ಮಾಡುವುದಿಲ್ಲ. ಪ್ರೋಟೀನ್ ಕೆಟ್ಟುಹೋಗುತ್ತದೆ.

ಯೀಸ್ಟಿನ ರಕ್ಷಣೆಯೂ ಬಹುಪಾಲು ಇದೇ ಗಂಧಕದ ಮೇಲೆ ನಿಂತಿದೆ ಅನ್ನುವುದೇ ಈ ಕಥೆಯ ಸ್ವಾರಸ್ಯ. ಅದಕ್ಕೆ ಮೊದಲು, ಲೋಹ ಒಳಗೆ ಬರುವುದಾದರೂ ಹೇಗೆ?

ಮೊದಲು ಸಿಗುವುದು ಕೋಶಭಿತ್ತಿ. ಸಕ್ಕರೆಯ ಉದ್ದುದ್ದ ಸರಪಳಿಗಳೂ ಸಕ್ಕರೆ ಮೆತ್ತಿದ ಪ್ರೋಟೀನುಗಳೂ ಸೇರಿ ಹೆಣೆದ ಗಟ್ಟಿ ಹೊರಕವಚ ಅದು. ಯೀಸ್ಟಿನ ಒಣ ತೂಕದಲ್ಲಿ 15ರಿಂದ 30% ಇದರದ್ದೇ. ಅದರ ತುಂಬ ಫಾಸ್ಫೇಟ್, ಕಾರ್ಬಾಕ್ಸಿಲ್ ಗುಂಪುಗಳಿದ್ದು ಋಣ ಆವೇಶ ಹೊತ್ತಿರುತ್ತವೆ. ನೀರಿನಲ್ಲಿ ಕರಗಿದ ಸೀಸ, ಕ್ಯಾಡ್ಮಿಯಂ, ತಾಮ್ರ ಎಲ್ಲ ಧನ ಅಯಾನುಗಳು. ಹತ್ತಿರ ಬಂದರೆ ಅಂಟಿಕೊಳ್ಳುತ್ತವೆ. ಇದಕ್ಕೆ ಶಕ್ತಿಯ ಖರ್ಚಿಲ್ಲ, ಆಹಾರ ಬೇಕಿಲ್ಲ. ಅಷ್ಟೇಕೆ, ಯೀಸ್ಟ್ ಬದುಕಿರಲೇಬೇಕು ಅಂತಲೂ ಇಲ್ಲ. ಕುದಿಸಿ ಕೊಂದ ಯೀಸ್ಟೂ ಲೋಹ ಹಿಡಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಈ ಹಂತ ಮುಗಿದುಹೋಗುತ್ತದೆ. ನೀರು ಹುಳಿಯಾಗಿದ್ದರೆ, ಅಂದರೆ ಆಮ್ಲೀಯವಾಗಿದ್ದರೆ, ಹೈಡ್ರೋಜನ್ ಅಯಾನುಗಳು ಆ ಜಾಗಗಳನ್ನೆಲ್ಲ ಮೊದಲೇ ತುಂಬಿಬಿಡುತ್ತವೆ. ಆಗ ಲೋಹಕ್ಕೆ ಜಾಗ ಸಿಗುವುದಿಲ್ಲ. ಅಂಟಿದ ಲೋಹವನ್ನು ತೊಳೆದು ತೆಗೆಯಲಿಕ್ಕೂ ತೆಳು ಆಮ್ಲ ಸಾಕು.

ಎರಡನೆಯ ಹಂತ ನಿಧಾನದ್ದು. ಇದು ಬದುಕಿರುವ ಯೀಸ್ಟಿನದ್ದು ಮಾತ್ರ. ಭಿತ್ತಿಯ ಒಳಗಡೆ ಎಣ್ಣೆಯ ಪದರದಂಥ ಕೋಶಪೊರೆ ಇದೆ. ಲೋಹದ ಅಯಾನು ತಾನಾಗಿ ಅದನ್ನು ದಾಟಲಾರದು. ದಾಟಿಸುವ ಪ್ರೋಟೀನ್ ಬಾಗಿಲುಗಳು ಬೇಕು. ಕ್ಯಾಡ್ಮಿಯಂಗಾಗಿ ಯಾವ ಜೀವಿಯೂ ಬಾಗಿಲು ಇಟ್ಟುಕೊಳ್ಳುವುದಿಲ್ಲ ಬಿಡಿ. ಆದರೆ ಬೇರೆಯವರಿಗಾಗಿ ಇಟ್ಟ ಬಾಗಿಲುಗಳಲ್ಲಿ ಅದು ನುಸುಳುತ್ತದೆ. ಸತುವನ್ನು ಒಳಗೆ ತರುವ ಝಡ್‌ಆರ್‌ಟಿ1 ಒಂದು. ಮ್ಯಾಂಗನೀಸಿನ ಎಸ್‌ಎಂಎಫ್1 ಇನ್ನೊಂದು. ಕಬ್ಬಿಣದ ಎಫ್‌ಇಟಿ4 ಮತ್ತೊಂದು. ಕ್ಯಾಲ್ಸಿಯಂನ ದಾರಿಯೂ ಅದಕ್ಕೆ ಆಗುತ್ತದೆ, ಯಾಕೆಂದರೆ ಎರಡೂ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಆರ್ಸೆನಿಕ್‌ನದ್ದು ಎರಡು ವೇಷ. ಆರ್ಸೆನೇಟ್ ರೂಪದಲ್ಲಿರುವಾಗ ಫಾಸ್ಫೇಟಿನ ಬಾಗಿಲಲ್ಲಿ ಬರುತ್ತದೆ. ಆರ್ಸೆನೈಟ್ ಆಗಿರುವಾಗ ಗ್ಲಿಸರಾಲ್ ಹೋಗಿಬರುವ ಎಫ್‌ಪಿಎಸ್1 ಎಂಬ ಕೊಳವೆಯಲ್ಲಿ ಜಾರಿಕೊಳ್ಳುತ್ತದೆ. ವಿಷಕಾರಿ ಕ್ರೋಮೇಟಿಗೆ ಸಲ್ಫೇಟಿನ ದಾರಿ.

ಹಾಗಿದ್ದರೆ ಬಾಗಿಲುಗಳನ್ನು ಇನ್ನಷ್ಟು ಕಟ್ಟುನಿಟ್ಟು ಮಾಡಿಕೊಳ್ಳಬಾರದಿತ್ತೇ ಅಂತ ಅನ್ನಿಸಬಹುದು. ಒಂದು ಅಯಾನಿನಲ್ಲಿ ಗುರುತು ಹಿಡಿಯಲು ಇರುವುದೇ ಗಾತ್ರ, ಆವೇಶ, ಯಾವುದಕ್ಕೆ ಅಂಟುತ್ತದೆ ಅನ್ನುವ ಮೂರು ಲಕ್ಷಣ. ಮೂರರಲ್ಲೂ ಹತ್ತಿರ ಹತ್ತಿರ ಇರುವ ಸತು, ಕ್ಯಾಡ್ಮಿಯಂಗಳನ್ನು ಬೇರೆ ಮಾಡುವುದು ಸುಲಭವಲ್ಲ. ಜೊತೆಗೆ ಕ್ಯಾಡ್ಮಿಯಂ ನೆಲದ ಮೇಲೆ ಇಷ್ಟೊಂದು ಹರಡಿದ್ದು ಗಣಿಗಾರಿಕೆ, ಬ್ಯಾಟರಿ, ಬಣ್ಣಗಳ ಕಾಲದಲ್ಲಿ. ಸತುವಿನ ಹಸಿವು ಮಾತ್ರ ಕೋಟ್ಯಂತರ ವರ್ಷ ಹಳೆಯದು.

ಹಸಿವಿನ ಮಾತು ಬಂತು. ಸತುವಿನ ಬರ ಇರುವ ಯೀಸ್ಟ್, ಪೊರೆಯ ತುಂಬ ಝಡ್‌ಆರ್‌ಟಿ1 ಬಾಗಿಲುಗಳನ್ನು ಕೂರಿಸುತ್ತದೆ. ಆಗ ಹತ್ತಿರದಲ್ಲಿ ಕ್ಯಾಡ್ಮಿಯಂ ಇದ್ದರೆ ಅದೂ ಜಾಸ್ತಿ ಒಳಗೆ ಬರುತ್ತದೆ. ಇದು ಯೀಸ್ಟಿಗೆ ಮಾತ್ರ ಸೀಮಿತವಾದ ವಿಚಾರ ಅಲ್ಲ. ಎಸ್‌ಎಂಎಫ್1ರ ಕುಟುಂಬಕ್ಕೇ ಸೇರಿದ ಡಿಎಂಟಿ1 ಎಂಬ ಬಾಗಿಲು ನಮ್ಮ ಕರುಳಿನಲ್ಲಿದೆ. ಅದರ ಮುಖ್ಯ ಕೆಲಸ ಕಬ್ಬಿಣ ಹೀರುವುದು. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಕರುಳು ಅದನ್ನು ಜಾಸ್ತಿ ಮಾಡುತ್ತದೆ, ಊಟದಲ್ಲಿರುವ ಕ್ಯಾಡ್ಮಿಯಂ ಕೂಡ ಅದರಲ್ಲೇ ಒಳಗೆ ಹೋಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಕ್ಯಾಡ್ಮಿಯಂ ಹೆಚ್ಚು ಹೀರಿಕೊಳ್ಳುವುದಕ್ಕೆ ಇದೇ ಕಾರಣ. ಜಪಾನಿನ ತೊಯಾಮಾ ಪ್ರಾಂತದಲ್ಲಿ, ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿ, ನದಿಯಿಂದ ಭತ್ತದ ಗದ್ದೆಗೆ ಹರಿದು, ‘ಇತಾಯಿ ಇತಾಯಿ’ ಎಂಬ ಮೂಳೆ ಸವೆಯುವ ರೋಗ ಬಂತಲ್ಲ, ಅದಕ್ಕೆ ತುತ್ತಾದವರಲ್ಲಿ ಬಹುತೇಕರು ಹಲವು ಬಾರಿ ಹೆತ್ತ, ನಡುವಯಸ್ಸು ದಾಟಿದ ಹೆಂಗಸರು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗ ಅಂತ ಒಪ್ಪಿಕೊಂಡಿತು. ಆ ಗಣಿಯಲ್ಲಿ ತೆಗೆಯುತ್ತಿದ್ದದ್ದು ಸತು.

ಈಗ ಒಳಗೆ ಬಂದಾಯಿತು. ಯೀಸ್ಟ್ ಏನು ಮಾಡುತ್ತದೆ?

ಮೊದಲ ಕೆಲಸ ಬಾಗಿಲನ್ನೇ ಕಿತ್ತುಹಾಕುವುದು. ಸತು ಅಥವಾ ಕ್ಯಾಡ್ಮಿಯಂ ಮಿತಿ ಮೀರಿತು ಅಂತಾದರೆ ಝಡ್‌ಆರ್‌ಟಿ1 ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟುತ್ತದೆ. ಗುರುತು ಬಿದ್ದ ಬಾಗಿಲನ್ನು ಪೊರೆಯಿಂದ ಒಳಗೆಳೆದು ಜೀರ್ಣ ಮಾಡಿಬಿಡುತ್ತದೆ. ಆರ್ಸೆನಿಕ್ ಬಂದಾಗ ಎಫ್‌ಪಿಎಸ್1 ಕೊಳವೆಯನ್ನು ಮುಚ್ಚುವ ವ್ಯವಸ್ಥೆಯೂ ಇದೆ. ಆದರೆ ಎಲ್ಲ ಬಾಗಿಲನ್ನೂ ಎಷ್ಟು ಹೊತ್ತು ಮುಚ್ಚಿ ಕೂರಲಾದೀತು? ಸತು, ಕಬ್ಬಿಣ ಬೇಕೇ ಬೇಕು. ಹಾಗಾಗಿ ಒಳಗಿನ ವ್ಯವಸ್ಥೆ ಮುಖ್ಯ.

ತಾಮ್ರದ ವ್ಯವಸ್ಥೆ ಸರಳ, ಚಂದ. ಯೀಸ್ಟಿನಲ್ಲಿ ಏಸ್1 ಎಂಬ ಪ್ರೋಟೀನ್ ಸುಮ್ನೆ ಓಡಾಡಿಕೊಂಡಿರುತ್ತದೆ. ಅದರ ಸಿಸ್ಟೀನುಗಳ ನಡುವೆ ತಾಮ್ರದ ನಾಲ್ಕು ಅಯಾನುಗಳು ಸೇರಿ ಗೊಂಚಲು ಕಟ್ಟಿದಾಗ ಮಾತ್ರ ಅದಕ್ಕೆ ಸರಿಯಾದ ಆಕಾರ ಬರುತ್ತದೆ. ಆಕಾರ ಬಂದರೆ ಡಿಎನ್‌ಎಯನ್ನು ಹಿಡಿಯಬಲ್ಲದು. ಹಿಡಿಯುವ ಜಾಗ ಕಪ್1 ಎಂಬ ಜೀನಿನ ಎದುರುಗಡೆ. ನಿಮಿಷಗಳಲ್ಲಿ ಕಪ್1 ಜೋರಾಗಿ ಕೆಲಸ ಶುರು ಮಾಡುತ್ತದೆ. ಅಂದರೆ ತಾಮ್ರ ಎಷ್ಟಿದೆ ಅಂತ ಅಳೆಯುವುದೂ, ಮದ್ದು ತಯಾರಿಸಿ ಅಂತ ಹೇಳುವುದೂ ಒಂದೇ ಪ್ರೋಟೀನ್.

ಕಪ್1 ತಯಾರಿಸುವುದು ಮೆಟಲೋಥಯೋನಿನ್ ಎಂಬ ಜಾತಿಯ ಪುಟಾಣಿ ಪ್ರೋಟೀನ್. ಈ ಜಾತಿಯನ್ನು ಮೊದಲು ಕಂಡದ್ದು 1957ರಲ್ಲಿ, ಕುದುರೆಯ ಮೂತ್ರಪಿಂಡದಲ್ಲಿ, ಅದೂ ಕ್ಯಾಡ್ಮಿಯಂ ಹಿಡಿದುಕೊಂಡ ಸ್ಥಿತಿಯಲ್ಲಿ. ನಮ್ಮ ಯಕೃತ್ತು, ಮೂತ್ರಪಿಂಡಗಳಲ್ಲೂ ಇದೆ. ಯೀಸ್ಟಿನದ್ದು ಸಿದ್ಧವಾಗುವ ಹೊತ್ತಿಗೆ 53 ಅಮೈನೋ ಆಮ್ಲಗಳಷ್ಟೇ ಉದ್ದ. ಅದರಲ್ಲಿ 12 ಸಿಸ್ಟೀನ್. ಸಾಮಾನ್ಯ ಪ್ರೋಟೀನುಗಳಲ್ಲಿ ಸಿಸ್ಟೀನ್ ನೂರಕ್ಕೆ ಒಂದೆರಡು ಸಿಕ್ಕರೆ ಜಾಸ್ತಿ. ಇಲ್ಲಿ ಐದಕ್ಕೊಂದು ಹತ್ತಿರ ಹತ್ತಿರ. ಒಂದು ಕಪ್1 ಏಳೆಂಟು ತಾಮ್ರದ ಅಯಾನುಗಳನ್ನು ತನ್ನ ಮಡಿಕೆಯೊಳಗೆ ಗಂಧಕದಿಂದ ಕಟ್ಟಿಹಾಕುತ್ತದೆ. ಸಡಿಲವಾಗಿ ತಿರುಗುವ ತಾಮ್ರ ಆಮ್ಲಜನಕದ ಜೊತೆ ಸೇರಿ ಕೊಬ್ಬು, ಡಿಎನ್‌ಎ ಎಲ್ಲವನ್ನೂ ಸುಡುವ ಚುರುಕು ಅಣುಗಳನ್ನು ಹುಟ್ಟಿಸುತ್ತದೆ. ಕಟ್ಟಿದ ತಾಮ್ರ ಆ ಕೆಲಸ ಮಾಡದು.

ವೈನ್ ಯೀಸ್ಟಿನ ಗುಟ್ಟು ಇಲ್ಲಿದೆ. 1982ರಲ್ಲಿ ಫೋಗೆಲ್ ಮತ್ತು ವೆಲ್ಚ್ ಎಂಬ ಸಂಶೋಧಕರು ತಾಮ್ರ ತಡೆಯುವ ಯೀಸ್ಟುಗಳನ್ನು ಪರೀಕ್ಷಿಸಿ ನೋಡಿದರು. ಹೊಸ ಜೀನೇನೂ ಇರಲಿಲ್ಲ. ಕಪ್1 ಇದ್ದ ತುಣುಕೇ ಎಂಟನೇ ಕ್ರೋಮೋಸೋಮಿನಲ್ಲಿ ಒಂದರ ಪಕ್ಕ ಒಂದು ಸಾಲಾಗಿ ನಕಲಾಗಿತ್ತು. ಒಂದೇ ನಕಲು ಇರುವ ತಳಿ ಬೇಗ ಸಾಯುತ್ತದೆ, ಹತ್ತಕ್ಕಿಂತ ಜಾಸ್ತಿ ನಕಲು ಇರುವುದು ತಡೆದುಕೊಳ್ಳುತ್ತದೆ. ಕೋಶ ಒಡೆದು ಎರಡಾಗುವಾಗ ಇಂಥ ಸಾಲುಗಳಲ್ಲಿ ಎಣಿಕೆ ತಪ್ಪುವುದು ಸಾಮಾನ್ಯ. ಒಂದು ಮರಿಗೆ ಒಂದೆರಡು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ತಾಮ್ರ ಇರುವ ಕಡೆ ಜಾಸ್ತಿ ಇರುವವು ಉಳಿಯುತ್ತವೆ. ನೂರಕ್ಕೂ ಹೆಚ್ಚು ವರ್ಷ ಮೈಲುತುತ್ತು ಬಿದ್ದ ತೋಟಗಳಲ್ಲಿ ಎಂಥ ಯೀಸ್ಟ್ ಆಯ್ಕೆಯಾಗಿ ಬರಬಹುದು ಅಂತ ಬೇರೆ ಹೇಳಬೇಕಿಲ್ಲ. ಈಚೆಗೆ, 2017ರಲ್ಲಿ ಬಂದ ಒಂದು ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಾಮ್ರದಿಂದ ಕಪ್1 ಎದ್ದು ಕೆಲಸ ಮಾಡುವುದೇ ಆ ಜಾಗದಲ್ಲಿ ನಕಲಿನ ಸಂಖ್ಯೆ ಏರುಪೇರಾಗುವ ವೇಗವನ್ನು ಹೆಚ್ಚಿಸುತ್ತದೆ ಅಂತ ಅದು ತೋರಿಸಿತು. ಬೇಕಾದ ಜಾಗದಲ್ಲೇ ಬದಲಾವಣೆ ಜಾಸ್ತಿ ಅನ್ನುವುದು, ಬದಲಾವಣೆಗಳೆಲ್ಲ ಆಕಸ್ಮಿಕ ಅಂತ ಪಠ್ಯಪುಸ್ತಕದ ವಿಕಾಸವಾದ ಓದಿದವರಿಗೆ ಸ್ವಲ್ಪ ಇರಿಸುಮುರಿಸು ತರುವ ಮಾತು. ನನಗಂತೂ ಇಡೀ ವಿಷಯದಲ್ಲಿ ಅತಿ ಕುತೂಹಲದ ತುಣುಕು ಇದೇ.

ಕ್ಯಾಡ್ಮಿಯಂ ಬಂದರೆ ಏಸ್1 ಏಳುವುದಿಲ್ಲ. ಅದು ಗುರುತಿಸುವುದು ತಾಮ್ರ ಮತ್ತು ಬೆಳ್ಳಿಯನ್ನು. ಕ್ಯಾಡ್ಮಿಯಂಗೆ ಬೇರೆಯೇ ಏರ್ಪಾಡು, ಅದರ ನಡುವೆ ನಿಂತಿರುವುದು ಗ್ಲುಟಾಥಯೋನ್. ಹೆಸರು ದೊಡ್ಡದು, ಅಣು ಚಿಕ್ಕದು. ಮೂರೇ ಅಮೈನೋ ಆಮ್ಲ, ನಡುವಿನದು ಸಿಸ್ಟೀನ್. ಕೋಶದಲ್ಲಿ ಧಾರಾಳವಾಗಿ ಇರುತ್ತದೆ. ಎರಡು ಗ್ಲುಟಾಥಯೋನ್ ಅಣುಗಳು ಎರಡು ಬದಿಯಿಂದ ಒಂದು ಕ್ಯಾಡ್ಮಿಯಂ ಅಯಾನನ್ನು ಹಿಡಿಯುತ್ತವೆ. ಹಿಡಿದದ್ದನ್ನು ಸಾಗಿಸುವುದು ವೈಸಿಎಫ್1 ಎಂಬ ಪಂಪ್. 1994ರಲ್ಲಿ ಸಿಕ್ಕಿದ್ದು ಇದು. ರಸದಾನಿಯ ಪೊರೆಯಲ್ಲಿ ಕೂತು, ಕೋಶದ ಇಂಧನವಾದ ಎಟಿಪಿ ಸುಟ್ಟು, ಈ ಜೋಡಿಯನ್ನು ಹಾಗೆ ಹಾಗೇ ರಸದಾನಿಯ ಒಳಕ್ಕೆ ನೂಕುತ್ತದೆ. ರಸದಾನಿ ಅಂದರೆ ಯೀಸ್ಟಿನ ಉಗ್ರಾಣವೂ ಹೌದು, ತಿಪ್ಪೆಯೂ ಹೌದು. ಪಾದರಸ, ಸೀಸ, ಆರ್ಸೆನಿಕ್ ಕೂಡ ವೈಸಿಎಫ್1 ಮೂಲಕ ಅಲ್ಲಿಗೇ ಹೋಗುತ್ತವೆ. ಆರ್ಸೆನಿಕ್ ಆದರೆ ಹಿಡಿಯಲು ಮೂರು ಗ್ಲುಟಾಥಯೋನ್ ಬೇಕು.

ವೈಸಿಎಫ್1 ಕಂಡುಹಿಡಿದವರಿಗೆ ಅದರ ಬಂಧುಗಳನ್ನು ನೋಡಿ ಅಚ್ಚರಿಯಾಗಿರಬೇಕು. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಲ್ಲಿ ಕೆಡುವ ಮನುಷ್ಯರ ಪ್ರೋಟೀನಿಗೂ, ಕ್ಯಾನ್ಸರ್ ಕೋಶಗಳು ಔಷಧವನ್ನು ಹೊರಗೆ ಎಸೆಯಲು ಬಳಸುವ ಇನ್ನೊಂದು ಪ್ರೋಟೀನಿಗೂ ಅದು ಒಂದೇ ಮನೆತನದ್ದು.

ಈ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ಒಂದು ಕ್ಯಾಡ್ಮಿಯಂಗೆ ಎರಡು ಗ್ಲುಟಾಥಯೋನ್, ಅಂದರೆ ಎರಡು ಗಂಧಕ. ರಸದಾನಿಗೆ ಹೋದ ಗಂಧಕ ಸದ್ಯಕ್ಕೆ ಕೈಗೆ ಸಿಗುವುದಿಲ್ಲ. ಕ್ಯಾಡ್ಮಿಯಂ ಬರುತ್ತಲೇ ಇದ್ದರೆ ಗಂಧಕ ಸೋರುತ್ತಲೇ ಇರುತ್ತದೆ. ಹೊರಗಿನ ಸಲ್ಫೇಟನ್ನು ಒಳಗೆ ತಂದು ಸಿಸ್ಟೀನಿಗೆ ಸೇರಿಸುವ ಹಂತಗಳನ್ನು ಮೆಟ್4 ಎಂಬ ಪ್ರೋಟೀನ್ ಚುರುಕುಗೊಳಿಸುತ್ತದೆ, ಸರಿ. ಆದರೆ ಅದಕ್ಕೆ ತುಂಬ ಶಕ್ತಿ ಬೇಕು. ತಂದದ್ದೂ ಸಾಲದು.

ಆಗ ಯೀಸ್ಟ್ ಏನು ಮಾಡುತ್ತದೆ ಅನ್ನುವುದನ್ನು 2002ರಲ್ಲಿ ಫ್ರಾನ್ಸಿನ ಸಂಶೋಧಕರು ಕಂಡುಹಿಡಿದರು. ಮಗಳ ಮದುವೆ ಗೊತ್ತಾದ ಮನೆಯಲ್ಲಿ ಹೊಸ ಬಟ್ಟೆ, ಹೋಟೆಲು ಎಲ್ಲ ಬಂದ್ ಮಾಡಿ ದುಡ್ಡು ಒಂದೇ ಕಡೆ ಕೂಡಿಡುತ್ತಾರಲ್ಲ, ಹಾಗೆ ಯೀಸ್ಟ್ ಬೇರೆ ಎಲ್ಲ ಕಡೆ ಗಂಧಕದ ಖರ್ಚಿಗೆ ಕತ್ತರಿ ಹಾಕುತ್ತದೆ. ಅದೂ ಎಂಥ ಜಾಣತನದಿಂದ! ಸಕ್ಕರೆಯನ್ನು ಆಲ್ಕೊಹಾಲ್ ಮಾಡುವ ದಾರಿಯಲ್ಲಿ ಪಿಡಿಸಿ1 ಎಂಬ ಕಿಣ್ವ ಇದೆ. ಯೀಸ್ಟಿನಲ್ಲಿ ಅತಿ ಹೆಚ್ಚು ಇರುವ ಪ್ರೋಟೀನುಗಳಲ್ಲಿ ಅದೂ ಒಂದು. ಗಂಧಕ ಇರುವ ಅಮೈನೋ ಆಮ್ಲಗಳು ಅದರಲ್ಲಿ ಜಾಸ್ತಿ. ಅದೇ ಕೆಲಸ ಮಾಡುವ ಇನ್ನೊಂದು ಕಿಣ್ವ ಪಿಡಿಸಿ6. ಮಾಮೂಲಿ ದಿನಗಳಲ್ಲಿ ಅದು ಹೆಸರಿಗೆ ಮಾತ್ರ, ಹೆಚ್ಚುಕಡಿಮೆ ತಯಾರಾಗುವುದೇ ಇಲ್ಲ. ಆದರೆ ಅದರಲ್ಲಿ ಗಂಧಕ ಬಹಳ ಕಡಿಮೆ. ಕ್ಯಾಡ್ಮಿಯಂ ಬಂದ ಕೂಡಲೇ ಯೀಸ್ಟ್ ಪಿಡಿಸಿ1 ತಯಾರಿಕೆ ಇಳಿಸಿ ಪಿಡಿಸಿ6 ಏರಿಸುತ್ತದೆ. ಇಂಥ ಅದಲುಬದಲು ಇನ್ನೂ ಕೆಲವು ಪ್ರೋಟೀನುಗಳಲ್ಲಿ ನಡೆಯುತ್ತದೆ. ಎಲ್ಲ ಕೂಡಿ ಗಂಧಕದ ಅಮೈನೋ ಆಮ್ಲಗಳಲ್ಲಿ ಸುಮಾರು 30% ಉಳಿತಾಯ. ಉಳಿಸಿದ್ದು ಗ್ಲುಟಾಥಯೋನಿಗೆ.

ಪಿಡಿಸಿ6 ಯಾಕಿದೆ ಅಂತ ಅದಕ್ಕೆ ಮೊದಲು ಯಾರಿಗೂ ಸರಿಯಾಗಿ ಅರ್ಥವಾಗಿರಲಿಲ್ಲ. ಕೆಲಸಕ್ಕೆ ಬಾರದ್ದು ಅಂತ ಕಾಣುವ ಎಷ್ಟೋ ಜೀನುಗಳ ಕಥೆ ಹೀಗೇ. ಹೊಟ್ಟೆತುಂಬ ಊಟ ಹಾಕಿ ಸಾಕಿದ ಯೀಸ್ಟಿನಲ್ಲಿ ಅವುಗಳ ಉಪಯೋಗ ಕಾಣಿಸುವುದಿಲ್ಲ.

ಲ್ಯಾಬಿನಲ್ಲಿ ಸಾಕಿದ ಯೀಸ್ಟ್ ನಮ್ಮನ್ನು ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸಿತ್ತು. ಜಗತ್ತಿನ ಬಹುತೇಕ ಪ್ರಯೋಗಾಲಯಗಳಲ್ಲಿ ಬಳಸುವ ತಳಿಯ ಮೂಲ ಹುಡುಕಿಕೊಂಡು ಹೋದರೆ, ಬಹುಪಾಲು 1938ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್ ಬಳಿ ಸಿಕ್ಕ ಒಂದು ಕೊಳೆತ ಅಂಜೂರದ ಹಣ್ಣಿಗೆ ಮುಟ್ಟುತ್ತದೆ. ಅದರ ಸಂತತಿಯನ್ನೇ ಎಲ್ಲರೂ ‘ಯೀಸ್ಟ್’ ಅಂತ ಓದುತ್ತಾ ಬಂದರು. ಅದರಲ್ಲಿ ಕ್ಯಾಡ್ಮಿಯಂನ ಮುಖ್ಯ ಮದ್ದು ವೈಸಿಎಫ್1. 2007ರಲ್ಲಿ ಗೊತ್ತಾಯಿತು, ಪಿಸಿಎ1 ಎಂಬ ಇನ್ನೊಂದು ಪಂಪ್ ಇದೆ, ಅದು ಕ್ಯಾಡ್ಮಿಯಂ ಅನ್ನು ರಸದಾನಿಗಲ್ಲ, ನೇರ ಕೋಶದ ಹೊರಗೇ ಎಸೆಯುತ್ತದೆ. ಲ್ಯಾಬಿನ ತಳಿಯಲ್ಲಿ ಅದರ 970ನೇ ಅಮೈನೋ ಆಮ್ಲ ಬದಲಾಗಿ ಪಂಪ್ ಕೆಟ್ಟುನಿಂತಿದೆ. ಗ್ಲೈಸಿನ್ ಇರಬೇಕಾದಲ್ಲಿ ಆರ್ಜಿನಿನ್, ಅಷ್ಟೇ ವ್ಯತ್ಯಾಸ. ಅದನ್ನು ಸರಿಪಡಿಸಿದರೆ ಅದೇ ತಳಿ ಕ್ಯಾಡ್ಮಿಯಂಗೆ ಜಗ್ಗುವುದಿಲ್ಲ.

ಪಿಸಿಎ1 ನಡೆಯುವ ಬಗೆಯೂ ತಮಾಷೆಯಾಗಿದೆ. ಕ್ಯಾಡ್ಮಿಯಂ ಇಲ್ಲದಾಗಲೂ ಕೋಶ ಅದನ್ನು ತಯಾರಿಸುತ್ತಲೇ ಇರುತ್ತದೆ, ತಯಾರಿಸಿದ್ದನ್ನು ಕೂಡಲೇ ಒಡೆದು ಹಾಕುತ್ತಲೂ ಇರುತ್ತದೆ. ಕ್ಯಾಡ್ಮಿಯಂ ಬಂದು ನೇರವಾಗಿ ಪಿಸಿಎ1ಗೆ ಅಂಟಿದಾಗ ಒಡೆಯುವುದು ನಿಲ್ಲುತ್ತದೆ. ಪಂಪ್ ಪೊರೆ ಸೇರಿ ಕೆಲಸ ಶುರು ಮಾಡುತ್ತದೆ. ದಿನವಿಡೀ ಮಾಡಿ ಕೆಡಿಸುವುದು ದಂಡ ಅಂತ ಕಾಣುತ್ತದೆ. ಆದರೆ ಜೀನನ್ನು ಎಬ್ಬಿಸಿ, ಅದರಿಂದ ಪ್ರೋಟೀನ್ ಆಗುವ ತನಕ ಕಾಯುವಷ್ಟು ಸಮಯ ಇಲ್ಲದಿದ್ದರೆ ಈ ದಂಡವೇ ಲಾಭ.

ಯೀಸ್ಟುಗಳಲ್ಲೇ ಇನ್ನೊಂದು ಬಗೆ ಇದೆ. ಷಿಜೋಸ್ಯಾಕರೋಮೈಸಿಸ್ ಪೋಂಬೆ. ಅದು ಗ್ಲುಟಾಥಯೋನುಗಳನ್ನೇ ಸರದಂತೆ ಪೋಣಿಸಿ ಉದ್ದ ಮಾಡುತ್ತದೆ. 1980ರ ದಶಕದ ಮೊದಲಲ್ಲಿ ಜಪಾನಿನಲ್ಲಿ ಇದನ್ನು ಈ ಯೀಸ್ಟಿನಲ್ಲಿ ಕಂಡರು. 1985ರಲ್ಲಿ ಗಿಡಗಳಲ್ಲೂ ಅದೇ ಸಿಕ್ಕಿತು, ಫೈಟೋಕೆಲಾಟಿನ್ ಅನ್ನುವ ಹೆಸರು ಗಟ್ಟಿಯಾಯಿತು. ಈ ಸರ, ಕ್ಯಾಡ್ಮಿಯಂ, ಜೊತೆಗೊಂದಿಷ್ಟು ಸಲ್ಫೈಡ್ ಕೂಡಿದಾಗ ಕೋಶದೊಳಗೆ ಕ್ಯಾಡ್ಮಿಯಂ ಸಲ್ಫೈಡಿನ ಅತಿ ಸಣ್ಣ ಹರಳುಗಳು ಮೂಡುತ್ತವೆ. 1989ರಲ್ಲಿ ಅಳತೆ ಮಾಡಿ ನೋಡಿದಾಗ, ಇವು ಇಂದು ಟಿವಿ ಪರದೆಗಳಿಂದ ಹೆಸರಾದ ಕ್ವಾಂಟಮ್ ಡಾಟ್‌ಗಳೇ ಅಂತ ತಿಳಿಯಿತು.

ಆರ್ಸೆನಿಕ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಅದು ನಿಜಕ್ಕೂ ಪೂರ್ತಿ ಲೋಹವೂ ಅಲ್ಲ. ಯೀಸ್ಟ್ ಒಳಗೆ ಬಂದ ಆರ್ಸೆನೇಟನ್ನು ಮೊದಲು ಆರ್ಸೆನೈಟ್ ಮಾಡುತ್ತದೆ. ಆರ್ಸೆನೈಟ್ ಇನ್ನೂ ಜಾಸ್ತಿ ವಿಷ. ಹೀಗೇಕೆ? ಹೊರಗೆ ಎಸೆಯುವ ಎಸಿಆರ್3 ಪಂಪಿಗೆ ಹಿಡಿಯಲು ಬರುವುದು ಆರ್ಸೆನೈಟ್ ಮಾತ್ರ. ಫಾಸ್ಫೇಟಿನಂತೆ ಕಾಣುವ ಆರ್ಸೆನೇಟನ್ನು ಹೊರಗೆ ಎಸೆಯುವ ಪಂಪ್ ಇದ್ದಿದ್ದರೆ ಬೇಕಾದ ಫಾಸ್ಫೇಟೂ ಹೊರಗೆ ಹೋಗುತ್ತಿತ್ತೇನೋ. ಎಸಿಆರ್3 ನಮ್ಮಲ್ಲಿಲ್ಲ. ಆರ್ಸೆನೈಟ್ ನುಸುಳುವ ಗ್ಲಿಸರಾಲ್ ಕೊಳವೆ ಮಾತ್ರ ನಮ್ಮ ಯಕೃತ್ತಿನಲ್ಲೂ ಇದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಂಥ ಕಡೆ, ಆರ್ಸೆನಿಕ್ ಇರುವ ಕೊಳವೆಬಾವಿ ನೀರು ಕುಡಿದು ಚರ್ಮದ ಕಾಯಿಲೆ ಬಂದವರ ಮೈಯೊಳಗೆ ಅದು ಸೇರಿದ ದಾರಿಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಏರ್ಪಾಡು ಇದ್ದರೂ ಯೀಸ್ಟ್ ಪೂರ್ತಿ ಪಾರಾಗುವುದಿಲ್ಲ. 2003ರಲ್ಲಿ ಒಂದು ತಂಡ ಯೀಸ್ಟಿಗೆ, ಸಾಯುವಷ್ಟಲ್ಲ, ಸ್ವಲ್ಪವೇ ಸ್ವಲ್ಪ ಕ್ಯಾಡ್ಮಿಯಂ ಕೊಟ್ಟು ಬೆಳೆಸಿತು. ಯೀಸ್ಟ್ ಬೆಳೆಯಿತು. ಆದರೆ ಡಿಎನ್‌ಎಯಲ್ಲಿ ತಪ್ಪುಗಳು ರಾಶಿ ಬಿದ್ದವು. ಕ್ಯಾಡ್ಮಿಯಂ ತಾನಾಗಿ ಡಿಎನ್‌ಎ ಹರಿದಿರಲಿಲ್ಲ. ನಕಲು ಮಾಡುವಾಗ ಆಗುವ ಸಣ್ಣಪುಟ್ಟ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯನ್ನು ಮಂಕು ಮಾಡಿತ್ತು. ಮನುಷ್ಯರ ಕೋಶಗಳ ಸಾರದಲ್ಲೂ ಅದೇ ಫಲಿತಾಂಶ ಬಂತು. ಕ್ಯಾಡ್ಮಿಯಂ ಕ್ಯಾನ್ಸರ್‌ಕಾರಕ ಅಂತ ಮೊದಲೇ ಗೊತ್ತಿತ್ತು, ದಾರಿ ಯಾವುದು ಅಂತ ಹೇಳಿಕೊಟ್ಟದ್ದು ಯೀಸ್ಟ್.

ಇದನ್ನೆಲ್ಲ ಉಪಯೋಗಕ್ಕೆ ತರುವ ಪ್ರಯತ್ನಗಳೂ ನಡೆದಿವೆ. 2003ರಲ್ಲೇ ವೈಸಿಎಫ್1 ಜೀನನ್ನು ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಸೇರಿಸಿದರು. ಗಿಡ ಸೀಸ, ಕ್ಯಾಡ್ಮಿಯಂ ತಡೆದುಕೊಂಡು ಅವನ್ನು ತನ್ನಲ್ಲಿ ಜಾಸ್ತಿ ತುಂಬಿಕೊಂಡಿತು. ಹಾಳಾದ ಮಣ್ಣನ್ನು ಗಿಡ ಬೆಳೆಸಿ ಸರಿಮಾಡುವ ಯೋಚನೆ ಅದು. ಅಮೆರಿಕದ ಎಂಐಟಿಯಲ್ಲಿ ಏಂಜೆಲಾ ಬೆಲ್ಚರ್ ಅವರ ತಂಡ ಯೀಸ್ಟಿನ ಗಂಧಕದ ದಾರಿಯಲ್ಲಿ ಕೆಲವು ಜೀನುಗಳನ್ನು ತೆಗೆದು, ಅದು ಹೈಡ್ರೋಜನ್ ಸಲ್ಫೈಡ್ ಹೊರಬಿಡುವಂತೆ ಮಾಡಿತು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದು. ನೀರಿನಲ್ಲಿರುವ ತಾಮ್ರ, ಕ್ಯಾಡ್ಮಿಯಂ, ಪಾದರಸ, ಸೀಸ ಅದರ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂರುತ್ತವೆ. ಎಂಐಟಿಯ ಮತ್ತೊಂದು ತಂಡ ಇನ್ನೂ ಸರಳ ದಾರಿ ಹಿಡಿಯಿತು. ಸತ್ತ ಯೀಸ್ಟಿನ ಭಿತ್ತಿಯೇ ಸಾಕು. ನೀರಿನಲ್ಲಿ ಅತಿ ಕಡಿಮೆ ಸೀಸ ಇರುವಾಗಲೂ ಅದು ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ ಅಂತ ತೋರಿಸಿದರು. ಮಾಮೂಲಿ ಶುದ್ಧೀಕರಣ ವಿಧಾನಗಳು ಎಡವುವುದೇ ಇಷ್ಟು ಕಡಿಮೆ ಇರುವಾಗ. ಬಾಸ್ಟನ್ನಿನ ಒಂದೇ ಬ್ರೂವರಿ ಎಸೆಯುವ ಯೀಸ್ಟು ಆ ಇಡೀ ನಗರದ ನೀರಿಗೆ ಸಾಕಾಗಬಹುದು ಅನ್ನುವುದು ಅವರ ಅಂದಾಜು.

ಹಾಗಂತ ‘ಯೀಸ್ಟ್ ವಿಷ ತಿಂದು ನೀರು ಶುದ್ಧ ಮಾಡುತ್ತದೆ’ ಅನ್ನುವ ತಲೆಬರಹ ನೋಡಿದರೆ ನಂಬಬೇಡಿ. ಯೀಸ್ಟ್ ತಿನ್ನುವುದಿಲ್ಲ. ಕೀಟನಾಶಕವನ್ನೋ ಎಣ್ಣೆಯನ್ನೋ ಸೂಕ್ಷ್ಮಜೀವಿಗಳು ಒಡೆದು ಬೇರೆ ಮಾಡಬಲ್ಲವು. ಸೀಸ ಒಂದು ಮೂಲಧಾತು, ಅದನ್ನು ಒಡೆಯಲು ಬರುವುದಿಲ್ಲ. ಭಿತ್ತಿಗೆ ಅಂಟಿದರೂ ಸೀಸವೇ, ರಸದಾನಿಯಲ್ಲಿದ್ದರೂ ಸೀಸವೇ. ನೀರಿನಿಂದ ಯೀಸ್ಟಿಗೆ ಜಾಗ ಬದಲಾಯಿತು ಅಷ್ಟೇ. ಹಾಗಾಗಿ ಇಂಥ ಯಾವುದೇ ಯೋಜನೆಯಲ್ಲಿ ಮೊದಲು ಕೇಳಬೇಕಾದ್ದು, ಲೋಹ ತುಂಬಿದ ಯೀಸ್ಟನ್ನು ನೀರಿನಿಂದ ಬೇರೆ ಮಾಡುವುದು ಹೇಗೆ, ಮಾಡಿ ಎಲ್ಲಿ ಹಾಕುತ್ತೀರಿ ಅಂತ. ಬ್ರೂವರಿಯ ಯೀಸ್ಟ್ ಮಾಮೂಲಾಗಿ ಪಶು ಆಹಾರಕ್ಕೆ ಹೋಗುತ್ತದೆ. ಇದನ್ನು ಹಾಗೆ ಕಳಿಸುವಂತಿಲ್ಲ. ಮೊದಲನೆಯದಕ್ಕೆ ಉತ್ತರವಾಗಿ ಯೀಸ್ಟನ್ನು ನೀರು ಹೀರಿಕೊಳ್ಳುವ ಮೆತ್ತನೆಯ ಹೈಡ್ರೋಜೆಲ್‌ನ ಪುಟ್ಟ ಗುಳಿಗೆಗಳಲ್ಲಿ ಹಿಡಿದಿಟ್ಟು, ಅವುಗಳ ಮೂಲಕ ನೀರು ಹರಿಸುವ ಪ್ರಯೋಗ ನಡೆದಿದೆ. ಎರಡನೆಯದಕ್ಕೆ ಇರುವ ಉತ್ತರ ತೆಳು ಆಮ್ಲ. ತೊಳೆದರೆ ಯೀಸ್ಟ್ ಮತ್ತೆ ಬಳಕೆಗೆ ಸಿಗುತ್ತದೆ, ಲೋಹ ಸ್ವಲ್ಪವೇ ದ್ರವದಲ್ಲಿ ದಟ್ಟವಾಗಿ ಕೈಗೆ ಬರುತ್ತದೆ. ತಾಮ್ರವಾದರೆ ಅದನ್ನು ಮಾರಬಹುದು. ಕ್ಯಾಡ್ಮಿಯಂ ಆದರೆ ಅಪಾಯಕಾರಿ ತ್ಯಾಜ್ಯದ ನಿಯಮಗಳ ಪ್ರಕಾರ ವಿಲೇವಾರಿ ಮಾಡಬೇಕು, ಅದಕ್ಕಾಗುವ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.